ಸತ್ತವನ ಜೋಡಿ

ಸುದ್ದಿ ಕಿವಿಗೆ ಬಿದ್ದ ಕೂಡಲೇ ಸೀವರ್ಟ್ ಹೌಗ್ಲಂಡನಿಗೆ ದುಃಖವಾಗಲಿಲ್ಲ. ನಿರಾಳವಾಯಿತು. ಬಿಗಿಯಾದ ಬೂಟು ಕಳಚಿದಾಗ ಕಾಲ್ಬೆರಳುಗಳಿಗೆ ಆಗುತ್ತದಲ್ಲ, ಅಂಥ ನಿರಾಳ. ದೂರದೂರಿನಿಂದ ಪಾರ್ಲಿಮೆಂಟಿಗೆ ಬರುವ ಸದಸ್ಯರಿಗೆ ಕೋಣೆ ಬಾಡಿಗೆ ಕೊಟ್ಟು, ಊಟ ಹಾಕಿ, ಅವರ ಕಾಲುಚೀಲವನ್ನೂ ಹೊಲಿದುಕೊಟ್ಟು ಬದುಕುತ್ತಿದ್ದ ಲೊವಿಸಾ ಅಮ್ಮ ಕಾಫಿ ಬಗ್ಗಿಸುತ್ತ, "ಎದುರು ಕೋಣೆಯವರು ಹೋಗಿಬಿಟ್ರು, ಹೌಗ್ಲಂಡರೇ. ಬಿಸಿನೀರು ತಗೊಂಡು ಹೋದೆ, ಹಣೆ ಮುಟ್ಟಿದೆ, ತಣ್ಣಗಿತ್ತು" ಎಂದಾಗ ಗೋಡೆಯ ಗಡಿಯಾರದಲ್ಲಿ ಏಳೂವರೆ. ಅವನ ಕೈಯಲ್ಲಿದ್ದ ಬ್ರೆಡ್ಡಿನ ಮೇಲೆ ಮೇಕೆ ಚೀಸಿನ ತೆಳ್ಳಗಿನ ಹೋಳು. ಅದನ್ನು ಬಾಯಿಗಿಟ್ಟ, ಅಗಿದ, ನುಂಗಿದ. ಹಾಗಾದರೆ ಇವತ್ತು ನಾನು ಮತ ಹಾಕಬಹುದು ಎಂದು ಒಳಗೆ ಯಾರೋ ಹೇಳಿದರು. ಯಾರೋ ಏನು ಬಂತು, ಅವನೇ ಹೇಳಿಕೊಂಡಿದ್ದ. ಅದೂ ಎಷ್ಟು ಸಲೀಸಾಗಿ. ಮೂರು ದಿನದಿಂದ ಆ ವಾಕ್ಯವನ್ನು ಸಿದ್ಧಪಡಿಸಿಟ್ಟುಕೊಂಡು ಗುನ್ನುಲ್ಫ್ ಬ್ರೆಕ್ಕೆ ಸಾಯುವುದನ್ನೇ ಕಾದು ಕೂತವನ ಹಾಗೆ. "ಅವರ ಮನೆಗೆ ತಂತಿ ಕೊಡ್ಬೇಕಲ್ಲ, ನಿಮ್ಮ ಕಡೆಯವರೇ ಅಲ್ವಾ?" ಎಂದು ಲೊವಿಸಾ ಅಮ್ಮ ಕೇಳಿದಳು. "ಅಲ್ಲ, ಅವನು ಆ ಕಡೆಯವನು" ಎಂದುಬಿಟ್ಟ. ಅವಳು ಕಾಫಿ ಪಾತ್ರೆ ಹಿಡಿದುಕೊಂಡೇ ಒಂದು ಕ್ಷಣ ಅವನ ಮುಖ ನೋಡಿದಳು. "ನಾನು ಊರು ಕೇಳಿದ್ದು, ಪಕ್ಷ ಅಲ್ಲ" ಎಂದು ಒಳಗೆ ಹೋದಳು. ಅವನ ಕಿವಿ ಬಿಸಿಯಾಯಿತು.

ಊರು ಒಂದೇ. ತಾರ್ವಿಕ್. ಬಂದರಿನ ಮೇಲ್ಗಡೆ ಕಲ್ಲುಕೋರೆ, ಅಲ್ಲಿ ಗುನ್ನುಲ್ಫ್ ಕಲ್ಲು ಒಡೆಯುತ್ತಿದ್ದ. ಕೆಳಗೆ ದೋಣಿಗಳು, ಅದರಲ್ಲಿ ಎರಡು ಸೀವರ್ಟನವು. ಗುನ್ನುಲ್ಫ್ ಕಾರ್ಮಿಕರ ಪಕ್ಷದಿಂದ ಆರಿಸಿ ಬಂದವನು. ಸೀವರ್ಟನದು ಹನ್ನೊಂದು ತಿಂಗಳ ಹಿಂದೆ ದೊಡ್ಡ ಪಕ್ಷವೊಂದರ ಸೆರಗು ಹಿಡಿದು ಸರ್ಕಾರ ಸೇರಿದ ಸಣ್ಣ ಪಕ್ಷ. ಆ ದೊಡ್ಡದೂ ಈ ಸಣ್ಣದೂ ಸೇರಿದರೂ ಬಹುಮತವಿಲ್ಲ. ಇವತ್ತು ಅವರು, ನಾಳೆ ಇವರು ಎಂದು ಅತ್ತಿಂದಿತ್ತ ಕೈಹಿಡಿಯುವ ನಾಲ್ಕಾರು ರೈತಸದಸ್ಯರ ದಯೆಯಿಂದ ಸರ್ಕಾರ ಉಸಿರಾಡುತ್ತಿತ್ತು. ಈ ಸಭೆಯಲ್ಲಿ ಪಕ್ಷ ನೋಡಿ ಕೂರಿಸುವುದಿಲ್ಲ, ಜಿಲ್ಲೆ ನೋಡಿ ಕೂರಿಸುತ್ತಾರೆ. ಹಾಗಾಗಿ ಐದು ವರ್ಷದಿಂದ ಅವರಿಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಕೂತು ಒಬ್ಬರ ವಿರುದ್ಧ ಒಬ್ಬರು ಮತ ಹಾಕುತ್ತಿದ್ದರು. ಗುನ್ನುಲ್ಫನ ಮೈಯಿಂದ ನಶ್ಯದ ವಾಸನೆ ಬರುತ್ತಿತ್ತು. ಸೀವರ್ಟ್ ಮಾತಾಡಲು ಎದ್ದಾಗಲೆಲ್ಲ ಅವನು ಮೀಸೆಯೊಳಗೇ, "ಶುರುವಾಯ್ತು ನೋಡಿ ಭಾನುವಾರದ ಪ್ರಾರ್ಥನೆ" ಎನ್ನುತ್ತಿದ್ದ, ಹಿಂದಿನ ಸಾಲಿಗೆ ಕೇಳುವ ಹಾಗೆ. ಅವನನ್ನು ಸ್ನೇಹಿತ ಎನ್ನಬಹುದೇ ಎಂದು ಸೀವರ್ಟ್ ಯಾವತ್ತೂ ಯೋಚಿಸಿರಲಿಲ್ಲ. ಈಗ ಅವನ ಕೋಣೆಯ ಹೊಸ್ತಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಾಗಲೂ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹೊದಿಕೆಯ ಮೇಲೆ ಬಲಗೈ ಬಿದ್ದಿತ್ತು. ಒಡೆದ ಉಗುರು, ಗಂಟು ಬಿದ್ದ ಬೆರಳು. ಅದೇ ಕೈ.

ಮೂರು ದಿನದ ಹಿಂದೆ ಆ ಕೈ ಸುಡುತ್ತಿತ್ತು. "ಬಾ ಮಾರಾಯ, ಪಾದ್ರಿ ಬರೋಕೆ ಮುಂಚೆ ನೀನೇ ಬಂದ್ಯಲ್ಲ" ಎಂದಿದ್ದ ಗುನ್ನುಲ್ಫ್, ಕೆಮ್ಮಿ ಕೆಮ್ಮಿ. "ನಮ್ಮೋರು ಗುರುವಾರ ನನ್ನ ಸ್ಟ್ರೆಚರಲ್ಲಿ ಹೊತ್ಕೊಂಡು ಹೋಗ್ತಾರಂತೆ. ಇಲ್ದಿದ್ರೆ ಉತ್ತರದಿಂದ ಬದಲಿ ಸದಸ್ಯನ್ನ ಕರೆಸ್ತಾರಂತೆ. ಅವನಿಗೆ ಹಡಗು ಹಿಡಿದು, ರೈಲು ಹಿಡಿದು ಎರಡು ದಿನದ ದಾರಿ, ಇವತ್ತೇ ತಂತಿ ಹೋಗ್ಬೇಕು. ಆ ಮುಟ್ಠಾಳನಿಗೆ ನನ್ನ ಕುರ್ಚಿ ಕೊಡೋದು ನಂಗಿಷ್ಟ ಇಲ್ಲ. ಒಂದ್ಸಲ ಕೂತ ಅಂದ್ರೆ ಏಳೋನಲ್ಲ ಅವ್ನು." ಗುರುವಾರದ ಮತವೆಂದರೆ ಸರ್ಕಾರದ ಅಳಿವು ಉಳಿವಿನದು. ಕಾಗದದ ಗಿರಣಿಯ ಮುಷ್ಕರ ಮುರಿಯಲು ಸೈನಿಕರನ್ನು ಕಳಿಸಿದ ಸರ್ಕಾರದ ಮೇಲೆ ಸಭೆಗೆ ವಿಶ್ವಾಸವಿದೆಯೇ ಇಲ್ಲವೇ ಎಂಬುದು. ಸೀವರ್ಟ್ ಹಾಸಿಗೆಯ ಅಂಚಿನಲ್ಲಿ ಕೂತು, "ಮಲ್ಕೋ. ಯಾರನ್ನೂ ಕರೆಸೋದು ಬೇಡ. ನಾನೂ ಹೊರಗಿರ್ತೀನಿ" ಎಂದ. ಅದು ಈ ಸಭೆಯ ಹಳೆಯ ಪದ್ಧತಿ, ಜೋಡಿ ಎನ್ನುತ್ತಾರೆ. ಒಂದು ಕಡೆಯವನು ಬರಲಾಗದಿದ್ದರೆ ಇನ್ನೊಂದು ಕಡೆಯವನೊಬ್ಬ ತಾನೂ ಹೊರಗುಳಿದು ತಕ್ಕಡಿ ಸಮ ಮಾಡುತ್ತಾನೆ. ಗುನ್ನುಲ್ಫ್ ನಕ್ಕ. "ಸರ್ಕಾರ ಬಿದ್ರೆ ಬಂದರಿಗೆ ಅಲೆ ತಡೆಯೋ ನಿನ್ನ ಗೋಡೆ ಏನಾಗತ್ತೆ?" ಎಂದು ಕೇಳಿದ. "ನಾವಿಬ್ರೂ ಹೊರಗಿದ್ರೂ ನಮ್ಮ ಕಡೆಯೇ ಗೆಲ್ಲತ್ತೆ" ಎಂದ ಸೀವರ್ಟ್. ಆಗ ಲೆಕ್ಕ ಹಾಗೇ ಇತ್ತು. ರೈತಸದಸ್ಯರಲ್ಲಿ ಇಬ್ಬರು ನಿನ್ನೆ ಸಂಜೆ ಮಗ್ಗುಲು ಬದಲಿಸುತ್ತಾರೆಂದು ಯಾರಿಗೆ ಗೊತ್ತಿತ್ತು. ಕೈ ಕೊಟ್ಟ, ಗುನ್ನುಲ್ಫ್ ಹಿಡಿದ. ಬದಲಿ ಸದಸ್ಯನಿಗೆ ತಂತಿ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಆಗ ಸೀವರ್ಟನ ಎದೆಯಲ್ಲಿ ಇದ್ದದ್ದು ಕರುಣೆಯೊಂದೇ ಅಲ್ಲ. ಉಪಕಾರ ಮಾಡುವವನಿಗೆ ಏರುವ ಬೆಚ್ಚಗಿನ ಜಂಬವೂ ಇತ್ತು. ಪಕ್ಷದ ಮತಗಳನ್ನು ಕುರಿ ಎಣಿಸಿದ ಹಾಗೆ ಎಣಿಸುವ ವಕೀಲ ಡಿಟ್ಲೆಫ್ ಮೊರ್ಲಂಡನನ್ನು ಕೇಳದೆ ಒಂದು ನಿರ್ಧಾರ ತೆಗೆದುಕೊಂಡೆ ಎಂಬ ತುಂಟ ಸಂತೋಷವೂ ಇತ್ತು. ಕಳೆದ ಚಳಿಗಾಲದ ಔತಣದಲ್ಲಿ ಸೀವರ್ಟ್ ಮೀನಿನ ಮುಳ್ಳನ್ನು ಬೆರಳಲ್ಲಿ ತೆಗೆದು ತಟ್ಟೆಯಂಚಿಗೆ ಇಟ್ಟಾಗ ಇದೇ ಮೊರ್ಲಂಡ್ ಪಕ್ಕದ ಹೆಂಗಸಿನ ಕಿವಿಯಲ್ಲಿ ಏನೋ ಹೇಳಿದ್ದ, ಅವಳು ಕೈಚೌಕ ಬಾಯಿಗೆ ಒತ್ತಿಕೊಂಡಿದ್ದಳು. ಏನು ಹೇಳಿದನೋ ಇವತ್ತಿಗೂ ತಿಳಿಯದು. ತಿಳಿಯದೇ ಇದ್ದದ್ದರಿಂದಲೇ ಅದು ಮರದ ಸಿಬಿರಿನ ಹಾಗೆ ಒಳಗೇ ಉಳಿದಿತ್ತು. ಕರಗುತ್ತಿದ್ದ ಮಾರ್ಚಿನ ಹಿಮದಲ್ಲಿ ಪಚಪಚ ಹೆಜ್ಜೆ ಹಾಕುತ್ತ ಸಭಾಭವನದ ಕಡೆ ನಡೆಯುವಾಗ ಸೀವರ್ಟ್ ತನ್ನನ್ನು ತಾನೇ ಹರಾಜಿಗಿಟ್ಟು ನೋಡಿದ. ಜಂಬಕ್ಕೆ ಕೊಟ್ಟ ಕೈ ಅದು. ಜಂಬಕ್ಕೆ ಕೊಟ್ಟ ಮಾತಿಗೆ ಅಷ್ಟೊಂದು ಬೆಲೆ ಯಾಕೆ? ಬೂಟಿನೊಳಗೆ ನೀರು ಇಳಿದಿತ್ತು.

ಮೊರ್ಲಂಡ್ ಮೆಟ್ಟಿಲ ಮೇಲೇ ಕಾಯುತ್ತಿದ್ದ. ಅವನ ಮುಖದಲ್ಲಿ ಸಾವಿಗೆ ತಕ್ಕಷ್ಟು ಗಾಂಭೀರ್ಯವಿತ್ತು, ಸರಿಯಾಗಿ ಅಳೆದು ಹಾಕಿದ ಹಾಗೆ. "ಕೇಳಿದೆ, ಕೇಳಿದೆ. ಪಾಪ. ಒಳ್ಳೆ ಕೆಲಸಗಾರ" ಎಂದ. ತೋಳು ಹಿಡಿದು ಕಿಟಕಿಯ ಬಳಿ ಕರೆದೊಯ್ದ. "ಈಗ ನೋಡಿ ಹೌಗ್ಲಂಡರೇ, ನಿಮ್ಮನ್ನ ಹೊರಗಿಟ್ಟರೆ ಎಪ್ಪತ್ನಾಲ್ಕಕ್ಕೆ ಎಪ್ಪತ್ನಾಲ್ಕು. ಸಮ ಆದ್ರೆ ಸಭಾಧ್ಯಕ್ಷರ ಮಾತೇ ಕೊನೆ, ಅವರು ಆ ಕಡೆಯವರು, ನಾವು ಬಿದ್ವಿ. ನೀವು ಒಳಗೆ ಕೂತು ಹೌದು ಅಂದ್ರೆ ಒಂದು ಮತದಿಂದ ಉಳೀತೀವಿ. ನಿನ್ನೆ ರಾತ್ರಿಯೆಲ್ಲ ನಿಮ್ಮ ಆ ಜೋಡಿ ನೆನೆಸಿ ನಿದ್ದೆ ಇಲ್ಲ ನಂಗೆ. ಇವತ್ತು ಬೆಳಿಗ್ಗೆ ದೇವರೇ ಬಿಡಿಸಿದ."

"ದೇವರನ್ನ ಬಿಡಿ" ಎಂದ ಸೀವರ್ಟ್.

"ಸರಿ, ಬಿಟ್ಟೆ. ಕಾನೂನೇ ಹೇಳ್ತೀನಿ. ಜೋಡಿ ಅಂದ್ರೆ ಎರಡೂ ಪಕ್ಷದವರು ಪುಸ್ತಕದಲ್ಲಿ ಬರೀಬೇಕು. ನಿಮ್ದು ಬರೆದಿಲ್ಲ."

"ನಮ್ಮ ಕಡಲ ಕಡೆ ಬರೆಯೋದಿಲ್ಲ. ಕೈ ಕೊಟ್ರೆ ಮುಗೀತು. ದೋಣಿ ಮಾರೋದೂ ಹಾಗೇ, ಹೆಣ್ಣು ಕೇಳೋದೂ ಹಾಗೇ."

"ಕೈ ಕೊಟ್ಟೋನು ಇವತ್ತಿಲ್ವಲ್ಲ. ಸತ್ತೋನಿಗೆ ಮತ ಇಲ್ಲ, ಮತ ಇಲ್ಲದೋನಿಗೆ ಜೋಡಿ ಎಲ್ಲಿಂದ ಬಂತು?"

ಮಾತು ಸರಿಯಾಗಿತ್ತು. ಅದೇ ತೊಂದರೆ. ಬೆಳಿಗ್ಗೆ ಏಳೂವರೆಗೆ, ಬಾಯಲ್ಲಿ ಚೀಸಿಟ್ಟುಕೊಂಡು, ತಾನು ಒಳಗೊಳಗೇ ಹೇಳಿಕೊಂಡದ್ದನ್ನೇ ಈ ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಹೇಳುತ್ತಿದ್ದ. ತನ್ನೊಳಗಿನ ಧ್ವನಿಗೆ ಮೊರ್ಲಂಡನ ಮೂತಿ ಇದೆಯೆಂದು ಸೀವರ್ಟನಿಗೆ ಆಗಲೇ ಹೊಳೆದದ್ದು, ಹೊಳೆದು ಹೇಸಿಗೆಯಾಯಿತು. "ನನ್ನ ಮಾತು ನಂಬಿ ಅವರು ಬದಲಿ ಸದಸ್ಯನ್ನ ಕರೆಸಲಿಲ್ಲ. ಕರೆಸಿದ್ರೆ ಇವತ್ತು ಅವನು ಇಲ್ಲಿರ್ತಿದ್ದ" ಎಂದ. "ಅದು ಅವರ ದಡ್ಡತನ" ಎಂದ ಮೊರ್ಲಂಡ್. ಆಮೇಲೆ ಧ್ವನಿ ತಗ್ಗಿಸಿ, ಮಗುವಿಗೆ ಮಿಠಾಯಿ ತೋರಿಸುವವನ ಹಾಗೆ, "ತಾರ್ವಿಕಿನ ತಡೆಗೋಡೆ ಬಂದರುಗಳ ಪಟ್ಟಿಯಲ್ಲಿ ಮೂರನೇದು. ಸರ್ಕಾರ ಉಳಿದ್ರೆ ಮೇ ತಿಂಗಳಲ್ಲಿ ಮಂಜೂರು. ಬಿದ್ರೆ ಪಟ್ಟಿಯೇ ಕಸದಬುಟ್ಟಿಗೆ. ನಿಮಗೆ ನಾನು ಹೇಳ್ಬೇಕಾ?" ಎಂದ.

ಹೇಳಬೇಕಾಗಿರಲಿಲ್ಲ. ತಾರ್ವಿಕಿನ ಬಂದರಿನ ಬಾಯಿ ವಾಯವ್ಯಕ್ಕೆ ತೆರೆದಿದೆ. ಆ ದಿಕ್ಕಿನ ಗಾಳಿ ಎದ್ದರೆ ಮನೆ ಮುಟ್ಟಿದ ದೋಣಿಯೂ ಮನೆ ಮುಟ್ಟಿದಂತಲ್ಲ. ಸೀವರ್ಟನ ತಮ್ಮ ತೊಲ್ಲಾಕ್ ಮುಳುಗಿದ್ದು ನಡುಗಡಲಲ್ಲಿ ಅಲ್ಲ, ಹಡಗುಕಟ್ಟೆಯಿಂದ ಇನ್ನೂರು ಮೊಳ ದೂರದಲ್ಲಿ, ಹಾಡುಹಗಲಲ್ಲಿ, ಹೆಂಡತಿ ನೋಡುತ್ತಿರುವಾಗ. ಸೀವರ್ಟ್ ಹಗ್ಗ ಎಸೆದ. ಮತ್ತೆ ಎಸೆದ. ಗಾಳಿ ಅದನ್ನು ಅವನ ಮೊಗಕ್ಕೇ ತಂದು ಎಸೆಯುತ್ತಿತ್ತು. ತೊಲ್ಲಾಕ್ ಏನನ್ನೋ ಕೂಗುತ್ತಿದ್ದ, ಬಾಯಿ ಮಾತ್ರ ಕಾಣುತ್ತಿತ್ತು. ಅದಾದ ಮೇಲೆ ಇನ್ನೂ ಏಳು ಜನ ಹೋದರು, ಬೇರೆ ಬೇರೆ ವರ್ಷಗಳಲ್ಲಿ. ಸೀವರ್ಟ್ ಚುನಾವಣೆಗೆ ನಿಂತದ್ದು ಆ ಒಂದು ಗೋಡೆಗೆ, ಇನ್ನಾವುದಕ್ಕೂ ಅಲ್ಲ. ಗುನ್ನುಲ್ಫನಿಗೂ ಅದು ಬೇಕಿತ್ತು. "ಗೋಡೆಗೆ ಕಲ್ಲು ಒಡೆಯೋನೂ ನಾನೇ, ನಿನ್ನ ಸರ್ಕಾರ ಬೀಳ್ಸೋನೂ ನಾನೇ" ಎನ್ನುತ್ತಿದ್ದ. "ನಮ್ಮ ಸರ್ಕಾರ ಬಂದ್ರೆ ಎರಡು ಗೋಡೆ ಹಾಕ್ಸ್ತೀನಿ, ಒಂದು ಕಡಲಿಗೆ, ಇನ್ನೊಂದು ನಿನ್ನ ಭಾಷಣಕ್ಕೆ." ಸೀವರ್ಟ್ ಅದನ್ನು ನಂಬಿರಲಿಲ್ಲ. ಆ ಕಡೆಯವರು ದಕ್ಷಿಣದ ಕಾರ್ಖಾನೆಗಳ ಊರುಗಳಿಂದ ಬಂದವರು, ಅವರ ಪಟ್ಟಿಯಲ್ಲಿ ತಾರ್ವಿಕಿನ ಹೆಸರನ್ನು ಯಾರೂ ಕಂಡಿರಲಿಲ್ಲ.

"ಊರಿಗೆ ಫೋನ್ ಹಾಕಿಸಿದೀನಿ. ನಿಮ್ಮ ಮನೆಯವರು ಅಂಚೆ ಕಚೇರೀಲಿ ಕಾಯ್ತಿದಾರೆ" ಎಂದ ಮೊರ್ಲಂಡ್. ಎಷ್ಟು ಮುಂದಾಲೋಚನೆ. ಸೀವರ್ಟ್ ಪೆಟ್ಟಿಗೆಯಂಥ ಫೋನಿನ ಕೋಣೆಗೆ ಹೋಗಿ ನಳಿಗೆ ಕಿವಿಗೆ ಹಿಡಿದ. ಒಳಗೆ ಕಡಲಿನ ಹಾಗೆ ಮೊರೆತ, ಅದರ ನಡುವೆ ಹೆಂಡತಿ ರಾಗ್ನಾಳ ಧ್ವನಿ. "ಸೀವರ್ಟಾ, ಇಲ್ಲಿ ಅರ್ಧ ಊರೇ ನಿಂತಿದೆ. ಯಾರೋ ವಕೀಲರಂತೆ, ನೀನು ಗೋಡೆ ಬೀಳಿಸೋಕೆ ಹೊರಟಿದೀಯ ಅಂದ್ರು. ಏನಿದು?" ಅವನು ಹೇಳಿದ. ಗುನ್ನುಲ್ಫ್ ಸತ್ತದ್ದು, ಕೈ ಕೊಟ್ಟದ್ದು, ಬದಲಿ ಸದಸ್ಯ ಬಾರದೇ ಇದ್ದದ್ದು. ನಿರಾಳವಾದದ್ದನ್ನು ಮಾತ್ರ ಹೇಳಲಿಲ್ಲ. ಆ ತುದಿಯಲ್ಲಿ ಅವಳು ಯಾರಿಗೋ, "ಸ್ವಲ್ಪ ಸುಮ್ನಿರ್ರಿ, ಗುನ್ನುಲ್ಫ್ ತೀರ್‍ಕೊಂಡ್ನಂತೆ" ಎಂದದ್ದು ಕೇಳಿಸಿತು.

"ತೊಲ್ಲಾಕನ ಹೆಂಡ್ತಿ ಇಲ್ಲೇ ಇದಾಳೆ" ಎಂದಳು ರಾಗ್ನಾ.

"ಏನಂತಾಳೆ?"

"ಏನೂ ಅನ್ನಲ್ಲ. ನಿಂತಿದಾಳೆ."

"ನೀನೇನಂತೀಯಾ?"

"ನಾನು ಹೇಳಲ್ಲ, ಸೀವರ್ಟಾ. ಹೌದು ಅಂತ ಬಂದ್ರೂ ಅನ್ನ ಹಾಕ್ತೀನಿ, ಇಲ್ಲ ಅಂತ ಬಂದ್ರೂ ಹಾಕ್ತೀನಿ. ಆದ್ರೆ ಆಮೇಲೆ ರಾತ್ರಿಯೆಲ್ಲ ಹೊರಳಾಡಿ ನನ್ನ ನಿದ್ದೆ ಕೆಡಿಸಿದ್ರೆ ಮಾತ್ರ ಸುಮ್ನಿರಲ್ಲ. ಹೊರಳಾಡದೇ ಇರೋ ಹಾಗೆ ಏನು ಮಾಡ್ಬೇಕೋ ಅದನ್ನ ಮಾಡು." ಸಂಪರ್ಕ ಕಡಿದುಹೋಯಿತು. ಅವಳೇ ಕಡಿದಳೋ, ಗಾಳಿಯೋ.

ಹೊರಗೆ ಉಳಿಯುವುದು ಸುಲಭವಿತ್ತು. ಉಪಾಹಾರದ ಕೋಣೆಗೆ ಹೋಗಿ ಒಂದು ವಾಫೆಲ್ ತರಿಸಿಕೊಂಡು, ಗಂಟೆ ಬಾರಿಸಿದರೂ ಕೇಳಿಸದವನ ಹಾಗೆ ಕೂತರೆ ಮುಗಿಯಿತು. ಜೋಡಿ ಕೂತವರೆಲ್ಲ ಹಾಗೇ ಮಾಡುತ್ತಾರೆ. ಆದರೆ ಅದನ್ನು ನೆನೆದಾಗಲೇ ಸೀವರ್ಟನಿಗೆ ಮೈಯೆಲ್ಲ ಉರಿಯಿತು. ಅಡಗಿ ಕೂತರೆ ನಾಳೆ ಪತ್ರಿಕೆಗಳಲ್ಲಿ ಸದಸ್ಯರೊಬ್ಬರು ದುಃಖದಲ್ಲಿ ಹಾಜರಾಗಲಿಲ್ಲ ಎಂದು ಬರುತ್ತದೆ. ಮೊರ್ಲಂಡನೇ ಬರೆಸುತ್ತಾನೆ. ದುಃಖ. ಬೆಳಿಗ್ಗೆಯಿಂದ ಅವನಿಗೆ ಆಗದೇ ಇದ್ದದ್ದು ಅದೊಂದೇ. ಇಲ್ಲ, ಈ ಮಾತನ್ನು ಕಳ್ಳನ ಹಾಗೆ ಹಿತ್ತಿಲ ಬಾಗಿಲಿಂದ ಉಳಿಸಿಕೊಳ್ಳುವುದಾದರೆ ಉಳಿಸಿಕೊಳ್ಳುವುದೇ ಬೇಡ. ಗಂಟೆ ಬಾರಿಸಿತು. ಅವನು ಎಲ್ಲರ ಜೊತೆ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತ. ಮೂರು ಸಾಲು ಮುಂದೆ ಮೊರ್ಲಂಡ್ ತಿರುಗಿ ನೋಡಿ, ತೃಪ್ತಿಯಿಂದ ಕಣ್ಣು ಮುಚ್ಚಿ ತೆರೆದ. ಪಕ್ಕದ ಕುರ್ಚಿಯಿಂದ ಇನ್ನೂ ನಶ್ಯದ ವಾಸನೆ ಬರುತ್ತಿತ್ತು. ಸತ್ತ ಸದಸ್ಯನ ಬಗ್ಗೆ ಸಭಾಧ್ಯಕ್ಷರು ನಾಲ್ಕು ಮಾತಾಡಿದರು, ಎಲ್ಲರೂ ಎದ್ದು ನಿಂತು ಕೂತರು. ಕುರ್ಚಿಗಳ ಸದ್ದು ಅಡಗುವ ಮೊದಲೇ ಮತದಾನವೆಂದು ಘೋಷಿಸಿದರು.

ಸೀವರ್ಟ್ ಮಾತ್ರ ನಿಂತೇ ಇದ್ದ. "ಸಭಾಧ್ಯಕ್ಷರೇ, ಹೊರಗೆ ಹೋಗಲು ಅನುಮತಿ ಬೇಕು. ಒಳಗೆ ಕೂತವನು ಮತ ಹಾಕಲೇಬೇಕು ಅಂತ ನಿಯಮ. ನಾನು ಜೋಡಿ ಕೂತಿದೀನಿ."

"ಯಾರ ಜೊತೆ?"

"ಗುನ್ನುಲ್ಫ್ ಬ್ರೆಕ್ಕೆ ಜೊತೆ."

ಗ್ಯಾಲರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಭಾಧ್ಯಕ್ಷರು ಕನ್ನಡಕ ತೆಗೆದರು. ಸೀವರ್ಟ್ ಹೊರಗೆ ಹೋದರೆ ಗೆಲ್ಲುವುದು ಅವರ ಪಕ್ಷವೇ. ಆದರೂ ಪಾಪ, ನಿಯಮದ ಮನುಷ್ಯ. "ಗೌರವಾನ್ವಿತ ಬ್ರೆಕ್ಕೆಯವರು ಇವತ್ತು ನಮ್ಮನ್ನಗಲಿದ್ದಾರೆ. ಈಗಷ್ಟೇ ಎದ್ದು ನಿಂತೆವು" ಎಂದರು.

"ಗೊತ್ತು. ನನಗೆ ಏಳೂವರೆಗೇ ತಿಳೀತು." ಭಾನುವಾರದ ಪ್ರಾರ್ಥನೆ ಎಂದು ಪಕ್ಕದಿಂದ ಯಾರೂ ಗೊಣಗಲಿಲ್ಲ. "ತಿಳಿದಾಗ ನಂಗೆ ಖುಷಿ ಆಯ್ತು. ಇಲ್ಲೇ ಹೇಳ್ತೀನಿ, ಎಲ್ರೂ ಕೇಳ್ಲಿ. ನನ್ನ ಪಕ್ಕದೋನು ಸತ್ತ, ನಮ್ಮ ಸರ್ಕಾರ ಉಳೀತು ಅಂತ ನಂಗೆ ಖುಷಿ ಆಯ್ತು. ಈ ಸಭೇಲಿ ಹಾಗೆ ಅನ್ನಿಸಿದೋನು ನಾನೊಬ್ನೇ ಅಲ್ಲ. ನಾನು ಹೌದು ಅನ್ನೋಕೆ ಬಂದೋನು, ನಂಗೆ ಈ ಸರ್ಕಾರ ಬೇಕು, ನನ್ನ ಊರಿಗೆ ಬೇಕು. ಆದ್ರೆ ನನ್ನ ಕೈ ನಂಬಿ ಅವನು ಬದಲಿಯನ್ನ ಕರೆಸಲಿಲ್ಲ. ಆ ಕೈಲೇ ನಾನು ಮತ ಹಾಕಿದ್ರೆ ಅದು ಹೆಣದ ಜೇಬಿಂದ ಎತ್ತಿದ ಮತ. ಅಂಥ ಮತದ ಮೇಲೆ ಕಟ್ಟಿದ ಗೋಡೆ ನಮ್ಮೂರಿಗೆ ಬೇಡ."

"ಕೂತ್ಕೊಳ್ಳಯ್ಯಾ" ಎಂದು ಯಾರೋ ಕೂಗಿದರು. ಸ್ವಂತ ಪಕ್ಷದವರೇ. ಸಭಾಧ್ಯಕ್ಷರು ಗುಮಾಸ್ತನ ಜೊತೆ ಪಿಸುಗುಟ್ಟಿದರು, ನಿಯಮದ ಪುಸ್ತಕ ತಿರುವಿದರು. "ನಿಯಮದಲ್ಲಿ ಇದಕ್ಕೆ ಅವಕಾಶ ಕಾಣುವುದಿಲ್ಲ. ಅನುಮತಿ ಇಲ್ಲ. ಮತದಾನ ಶುರುವಾಗಿದೆ, ಬಾಗಿಲು ಹಾಕಿದೆ. ಹೆಸರು ಕರೆಯಿರಿ" ಎಂದರು.

ಸೀವರ್ಟ್ ಕೂರಲಿಲ್ಲ. ಸಾಲಿನಿಂದ ಹೊರಬಂದು, ಒದ್ದೆ ಬೂಟಿನಲ್ಲಿ ಜಮಖಾನದ ಮೇಲೆ ಕಲೆ ಮಾಡುತ್ತ, ಇಡೀ ಸಭೆಯ ನಡುವೆ ಬಾಗಿಲ ತನಕ ನಡೆದ. ದ್ವಾರಪಾಲಕ ಕೈ ಅಡ್ಡ ಹಿಡಿದು, "ತೆಗಿಯೋ ಹಾಗಿಲ್ಲ ಸ್ವಾಮೀ, ನನ್ನ ಕೆಲಸ ಹೋಗತ್ತೆ" ಎಂದು ಪಿಸುಮಾತಲ್ಲಿ ಬೇಡಿಕೊಂಡ. "ತೆಗೀಬೇಡ" ಎಂದ ಸೀವರ್ಟ್. ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಸಭೆಗೆ ಬೆನ್ನು ಮಾಡಿ ನಿಂತ. ಹಿಂದೆ ಹೆಸರುಗಳು ಶುರುವಾದವು. ಹೌದು. ಇಲ್ಲ. ಇಲ್ಲ. ಹೌದು. ಜಿಲ್ಲೆ ಜಿಲ್ಲೆಯಾಗಿ, ದಕ್ಷಿಣದಿಂದ ಉತ್ತರಕ್ಕೆ. ಬೆನ್ನಿಗೆ ಕಣ್ಣುಗಳು ಚುಚ್ಚುವುದು ಗೊತ್ತಾಗುತ್ತಿತ್ತು. ಕೋಟಿನ ಹೊಲಿಗೆ ಭುಜದಲ್ಲಿ ಬಿಟ್ಟಿದೆಯೆಂದು ಯಾರೋ ಗಮನಿಸಿರಬೇಕು ಎಂಬ ಯೋಚನೆ ಅಂಥ ಹೊತ್ತಿನಲ್ಲೂ ಬಂತು. ಅವನ ಜಿಲ್ಲೆ ಬಂತು. ಬೆಳಗಿನ ಗಡಿಬಿಡಿಯಲ್ಲಿ ಗುಮಾಸ್ತನ ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ.

"ಗುನ್ನುಲ್ಫ್ ಬ್ರೆಕ್ಕೆ" ಎಂದು ಗುಮಾಸ್ತ ಓದಿಬಿಟ್ಟ. ಓದಿದ ಮೇಲೆ ಅವನಿಗೇ ಗೊತ್ತಾಗಿ ಬೆರಳನ್ನು ಮುಂದಿನ ಸಾಲಿಗೆ ಸರಿಸಿದ.

"ಸೀವರ್ಟ್ ಹೌಗ್ಲಂಡ್."

ಅವನು ಮಾತಾಡಲಿಲ್ಲ. "ಸೀವರ್ಟ್ ಹೌಗ್ಲಂಡ್" ಎಂದು ಇನ್ನೊಮ್ಮೆ, ಗಟ್ಟಿಯಾಗಿ. ಬಾಗಿಲಿನ ಓಕ್ ಮರದಲ್ಲಿ ಒಂದು ಗಂಟಿತ್ತು. ಅವನು ಅದನ್ನೇ ನೋಡುತ್ತ ನಿಂತ. ಪಕ್ಕಪಕ್ಕದ ಎರಡು ಹೆಸರುಗಳಿಗೆ ಒಂದೇ ಉತ್ತರ ಬಂತು. ಬೆಳಿಗ್ಗೆಯಿಂದ ಬಾರದ ದುಃಖ ಆಗ ಬಂತು. ಆ ಒರಟ ಗುನ್ನುಲ್ಫ್ ಇನ್ನಿಲ್ಲವೆಂಬುದು ಆಗ ಅರ್ಥವಾಯಿತು. ಮೂರನೆಯ ಸಲ ಕೂಗಲಿಲ್ಲ. ಮುಂದಿನ ಹೆಸರಿಗೆ ಹೋದರು.

ಎಪ್ಪತ್ನಾಲ್ಕು, ಎಪ್ಪತ್ನಾಲ್ಕು. ಸಭಾಧ್ಯಕ್ಷರ ಮತದಿಂದ ಸರ್ಕಾರ ಬಿತ್ತು. ಬಾಗಿಲು ತೆರೆದಾಗ ಅವನನ್ನು ತಳ್ಳಿಕೊಂಡೇ ಜನ ಹೊರಬಂದರು. ಕಾರ್ಮಿಕರ ಪಕ್ಷದ ದಪ್ಪ ಮನುಷ್ಯನೊಬ್ಬ ಎರಡೂ ಕೈ ಚಾಚಿ ಬಂದು, "ಹೌಗ್ಲಂಡರೇ, ನಮ್ಮವರು ಇದನ್ನ ಯಾವತ್ತೂ ಮರೆಯಲ್ಲ" ಎಂದ. "ಮರೀರಿ" ಎಂದ ಸೀವರ್ಟ್, ಕೈ ಜೇಬಿನಲ್ಲೇ ಇಟ್ಟುಕೊಂಡು. "ನಿಮ್ಮ ಸರ್ಕಾರ ಬಂದ ದಿನವೇ ವಿರುದ್ಧ ಮತ ಹಾಕೋ ಮೊದಲನೇ ಮನುಷ್ಯ ನಾನು." ದಪ್ಪ ಮನುಷ್ಯ ಕೈ ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಇಟ್ಟುಕೊಂಡ.

ಮೊರ್ಲಂಡ್ ಮೆಟ್ಟಿಲಲ್ಲಿ ಅವನನ್ನು ಹಿಡಿದ. ಮುಖದಲ್ಲಿ ಈಗ ಏನನ್ನೂ ಅಳೆದು ಹಾಕಿರಲಿಲ್ಲ, ಬರಿಯ ಕೋಪ. ಒಂದು ಕ್ಷಣ ಸೀವರ್ಟನಿಗೆ ಅವನು ಮೊದಲ ಬಾರಿಗೆ ಮನುಷ್ಯನ ಹಾಗೆ ಕಂಡ. "ಎಷ್ಟು ಜನರ ಕೆಲಸ ಹಾಳು ಮಾಡಿದ್ರಿ ಗೊತ್ತಾ? ಮುಂದಿನ ಚುನಾವಣೇಲಿ ನಿಮ್ಮ ಹೆಸರು ಪಕ್ಷದ ಪಟ್ಟೀಲಿ ಇರಲ್ಲ. ನಿಮ್ಮೂರಲ್ಲಿ ನಿಮ್ಮನ್ನ ನಾಯಿನೂ ಮೂಸಲ್ಲ. ಏನಂತ ಹೇಳ್ತೀರಿ ಅಲ್ಲಿ ಹೋಗಿ?"

"ನಡೆದದ್ದನ್ನೇ ಹೇಳ್ತೀನಿ. ನಾಳೆ ರೈಲಲ್ಲಿ ಅವನ ಶವಪೆಟ್ಟಿಗೆ ಜೊತೆ ಹೋಗ್ತಿದೀನಿ. ಹಡಗುಕಟ್ಟೆಗೆ ಊರೆಲ್ಲ ಬಂದಿರತ್ತೆ. ಇಳಿದ ಕೂಡ್ಲೇ ಹೇಳ್ತೀನಿ, ಬೇರೆ ಸಭೆ ಕರೆಯೋದು ಬೇಕಿಲ್ಲ."

"ಕಲ್ಲು ಹೊಡೀತಾರೆ ನಿಮಗೆ."

"ಹೊಡೀಲಿ" ಎಂದ ಸೀವರ್ಟ್. "ಗೋಡೆಗೆ ಬೇಕಾಗ್ತವೆ."